ಹಿಮದ ಹೆದ್ದಾರಿಗೊಂದು ಬುತ್ತಿ

2022ರ ಜನವರಿ 3ರ ಮಧ್ಯಾಹ್ನ ವರ್ಜೀನಿಯಾದ ಸೆನೆಟರ್ ಟಿಮ್ ಕೇನ್ ರಿಚ್ಮಂಡ್‌ನಿಂದ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೊರಟರು. ಎರಡು ಗಂಟೆಯ ದಾರಿ. ಅವರು ಊರು ಮುಟ್ಟುವಷ್ಟರಲ್ಲಿ ಸುಮಾರು 27 ಗಂಟೆ ಕಳೆದಿತ್ತು. ಆ ದಿನ ಮೊದಲು ಮಳೆ ಬಿದ್ದು ಆಮೇಲೆ ಹಿಮ ಸುರಿಯಿತು. ಮಳೆಗೆ ತೊಳೆದುಹೋಗುತ್ತದೆಂದು ಹಿಮ ಗಟ್ಟಿಯಾಗಿ ಅಂಟದಂತೆ ಹಾಕುವ ಉಪ್ಪುನೀರನ್ನು ಹೆದ್ದಾರಿಗೆ ಮುಂಚಿತವಾಗಿ ಸಿಂಪಡಿಸಿರಲಿಲ್ಲ. ಭಾರದ ಟ್ರಕ್ಕುಗಳು ಜಾರಿ ಅಡ್ಡ ನಿಂತವು, ಐ-95 ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ವಾಹನಗಳು ನಿಂತಲ್ಲೇ ರಾತ್ರಿ ಕಳೆದವು. ಫ್ಲಾರಿಡಾದಿಂದ ಊರಿಗೆ ಮರಳುತ್ತಿದ್ದ ಒಂದು ಕುಟುಂಬ ಕಾರಿನಿಂದ ಕಾರಿಗೆ ನಡೆದು ಕಿತ್ತಳೆ ಹಣ್ಣು ಹಂಚಿತು. ಅದರಲ್ಲಿ ಒಂದು ಸೆನೆಟರಿಗೂ ಸಿಕ್ಕಿತು. ಇನ್ನೊಂದು ಕಡೆ ಬ್ರೆಡ್ ತುಂಬಿದ್ದ ಬೇಕರಿ ಟ್ರಕ್ಕೊಂದು ಸಿಕ್ಕಿಕೊಂಡಿತ್ತು. ಹಸಿದಿದ್ದ ದಂಪತಿ ಆ ಕಂಪನಿಗೇ ಫೋನ್ ಮಾಡಿ ಕೇಳಿದರು, ಮಾಲೀಕರು ಒಪ್ಪಿದರು, ಡ್ರೈವರ್ ಬಾಗಿಲು ತೆಗೆದು ಬ್ರೆಡ್ ಹಂಚಿದ.

ಈ ಸುದ್ದಿ ಓದಿದಾಗ ನನ್ನ ಮನಸ್ಸು ಕಿತ್ತಳೆ, ಬ್ರೆಡ್ಡಿಗಿಂತ ಹೆಚ್ಚಾಗಿ ಅವುಗಳಿಗೆ ಕಾಯುತ್ತಿದ್ದ ಜನರ ಕಡೆಗೆ ಹೋಯಿತು. ನೂರಾರು ಗಾಡಿಗಳಲ್ಲಿ ಒಂದು ಹಿಡಿ ಕಡಲೆಬೀಜವೂ ಇರಲಿಲ್ಲ. ಅದೂ ದೊಡ್ಡ ಊರುಗಳ ನಡುವೆ, ದೇಶದ ಅತ್ಯಂತ ಜನನಿಬಿಡ ಹೆದ್ದಾರಿಯೊಂದರಲ್ಲಿ. ನಾನು ಚಳಿಗಾಲದಲ್ಲಿ ಪಿಕಪ್ ಟ್ರಕ್ ಓಡಿಸುವುದು ಮಿನೆಸೋಟ ಮತ್ತು ನಾರ್ತ್ ಡಕೋಟ ನಡುವಿನ ಬಯಲಲ್ಲಿ. ಅಲ್ಲಿ ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ ದಾಟಿದರೆ ಮುಂದಿನದಕ್ಕೆ ಬಹಳ ದೂರ. ಹಿಮಗಾಳಿ ಎದ್ದರೆ ಬಾನೆಟ್ಟಿನ ತುದಿಯೂ ಕಾಣದು. ನಮ್ಮ ಕನ್ನಡದವರು ಎಷ್ಟೋ ಮಂದಿ ಈ ಕಡೆಯ ಊರುಗಳಿಗೆ ಓದಿಗೂ ಕೆಲಸಕ್ಕೂ ಬಂದು ಮೊದಲ ಚಳಿಗಾಲದಲ್ಲೇ ಗಾಡಿ ಹಿಡಿಯುತ್ತಾರೆ. ಅವರಿಗಾಗಿ, ಹಾಗೂ ಇದೇ ಕೆಲಸವಾಗಿ ದೊಡ್ಡ ಟ್ರಕ್ ಓಡಿಸುವವರಿಗಾಗಿ, ಗಾಡಿಯಲ್ಲಿಡುವ ಬುತ್ತಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ಮೊದಲು ಬುತ್ತಿಯ ಕೆಲಸ ಏನೆಂದು ತಿಳಿಯಬೇಕು. ಆರೋಗ್ಯವಂತ ಮನುಷ್ಯ ಎರಡು ದಿನ ಉಪವಾಸ ಇದ್ದರೆ ಸಾಯುವುದಿಲ್ಲ. ಏಕಾದಶಿ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಆ ಉಪವಾಸ ಬೆಚ್ಚಗಿನ ಮನೆಯಲ್ಲಿ. ಚಳಿಯಲ್ಲಿ ಕೂತ ದೇಹಕ್ಕೆ ಊಟವೆಂದರೆ ಒಲೆಗೆ ಸೌದೆ ಇದ್ದಂತೆ. ಸುಮ್ಮನೆ ಕೂತವರ ದೇಹ ಗಂಟೆಗೆ ಸುಮಾರು 75 ಕ್ಯಾಲೊರಿಯಷ್ಟು ಶಾಖ ಹುಟ್ಟಿಸುತ್ತದೆ. ಮೈ ನಡುಗತೊಡಗಿದರೆ ಇದು ಹಲವು ಪಟ್ಟು ಏರುತ್ತದೆ, ಯಾಕೆಂದರೆ ನಡುಕವೆಂದರೆ ಸ್ನಾಯುಗಳು ಶಾಖಕ್ಕಾಗಿಯೇ ಮಾಡುವ ಕೆಲಸ. ನಡುಕ ಜೋರಾದಾಗ ಮುಖ್ಯವಾಗಿ ಬೇಕಾಗುವುದು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ. ಅದು ಬರಿದಾದಂತೆ ನಡುಕದ ಕಸುವು ತಗ್ಗಬಹುದು, ಮೈ ತಣ್ಣಗಾಗಬಹುದು. ಮೈ ತಣ್ಣಗಾದರೆ ಬುದ್ಧಿಯೂ ಮಂಕಾಗುತ್ತದೆ. ಅಂಥ ಹೊತ್ತಿನಲ್ಲಿ ಮನುಷ್ಯ ತೆಗೆದುಕೊಳ್ಳುವ ಕೆಟ್ಟ ತೀರ್ಮಾನ ಒಂದೇ: ಗಾಡಿ ಬಿಟ್ಟು ನಡೆಯುವುದು.

2006ರ ನವೆಂಬರ್ ಕೊನೆಯಲ್ಲಿ ಆರೆಗನ್ ರಾಜ್ಯದಲ್ಲಿ ಒಂದು ಕುಟುಂಬ ಕಾಡಿನ ಕಿರುದಾರಿಗೆ ತಿರುಗಿ ಹಿಮದಲ್ಲಿ ಸಿಕ್ಕಿಹಾಕಿಕೊಂಡಿತು. ಗಂಡ, ಹೆಂಡತಿ, ಇಬ್ಬರು ಎಳೆಯ ಹೆಣ್ಣುಮಕ್ಕಳು. ಕಾರಿನಲ್ಲಿದ್ದ ತಿನಿಸು ಅತ್ಯಲ್ಪ. ಒಂದು ವಾರ ಕಾದು, ಗಂಡ ಸಹಾಯ ಹುಡುಕಲು ನಡೆದು ಹೊರಟ. ಎರಡು ದಿನದ ನಂತರ ಹೆಲಿಕಾಪ್ಟರ್ ಕಾರಿನ ಬಳಿಯೇ ತಾಯಿ ಮಕ್ಕಳನ್ನು ಕಂಡಿತು. ಮೂವರೂ ಬದುಕಿದರು. ಇನ್ನೆರಡು ದಿನಕ್ಕೆ ಗಂಡನ ಶವ ಕಣಿವೆಯಲ್ಲಿ ಸಿಕ್ಕಿತು. ಆತನನ್ನು ದೂರುವ ಮನಸ್ಸು ನನಗಿಲ್ಲ. ಹಸಿದ ಮಕ್ಕಳ ಮುಂದೆ ಏಳು ದಿನ ಕೂತ ತಂದೆ ಅವನು. ಗಾಡಿಯೊಳಗೆ ಕೂತಿರಲು ಮನಸ್ಸು ಒಪ್ಪಬೇಕಾದರೆ ಹೊಟ್ಟೆಗೆ ಏನಾದರೂ ಬೀಳಬೇಕು. ಹುಡುಕುವವರ ಕಣ್ಣಿಗೂ ಒಬ್ಬ ಮನುಷ್ಯನಿಗಿಂತ ಬೇಗ ಬೀಳುವುದು ಗಾಡಿ. ಬುತ್ತಿಯ ಕೆಲಸ ಇಷ್ಟೇ, ಸಹಾಯ ಬರುವ ತನಕ ನಿಮ್ಮನ್ನು ಒಳಗೇ, ಬೆಚ್ಚಗೆ, ಸ್ಥಿರಬುದ್ಧಿಯಿಂದ ಕೂರಿಸುವುದು. ಯಾವುದನ್ನು ಇಡಬೇಕು, ಯಾವುದು ಬೇಡ ಅನ್ನುವುದನ್ನೆಲ್ಲ ಈ ಅಳತೆಯಿಂದಲೇ ನೋಡಬೇಕು.

ಎಷ್ಟು ದಿನಕ್ಕೆ? ಊರಿನ ಸುತ್ತಮುತ್ತಲ ಓಡಾಟಕ್ಕೆ ಒಂದು ಹಗಲು, ಒಂದು ರಾತ್ರಿಗೆ ಸಾಕಾಗುವಷ್ಟಿದ್ದರೂ ಸರಿ. ದೂರದ ಹೆದ್ದಾರಿಗೆ ಮೂರು ದಿನದ್ದು ಇರಲಿ. 2014ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಬಳಿ ಹಿಮಕ್ಕೆ ಸಿಕ್ಕ ಬಸ್ಸುಗಳು, ಟ್ರಕ್ಕುಗಳು ಹೆದ್ದಾರಿಯ ಮೇಲೇ 24 ಗಂಟೆಗೂ ಹೆಚ್ಚು ನಿಂತಿದ್ದವು. 2022ರ ಕ್ರಿಸ್‌ಮಸ್ ಸಮಯದಲ್ಲಿ ಅದೇ ಊರನ್ನು ಹೊಡೆದ ಹಿಮಗಾಳಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಕೆಲವರು ಸಿಕ್ಕಿದ್ದು ತಮ್ಮ ಗಾಡಿಗಳಲ್ಲೇ. ಆಂಬುಲೆನ್ಸುಗಳೂ ಹಿಮದಲ್ಲಿ ಹೂತಿದ್ದವು, ಕರೆದರೂ ಬರುವವರಿರಲಿಲ್ಲ.

ಇನ್ನು ವಯೋಮಿಂಗ್ ರಾಜ್ಯದ ಐ-80. ಲಾರಮಿಯಿಂದ ವಾಲ್ಕಾಟ್ ತನಕದ ಸುಮಾರು 124 ಕಿಲೋಮೀಟರ್ ತುಂಡು 1970ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಹಳೆಯ ರಸ್ತೆ ಬೆಟ್ಟವನ್ನು ಬಳಸಿ ಉತ್ತರಕ್ಕೆ ಸುತ್ತಿ ಹೋಗುತ್ತಿತ್ತು. ಹೊಸದನ್ನು ಎಲ್ಕ್ ಬೆಟ್ಟದ ಬುಡದಲ್ಲೇ ನೇರ ಎಳೆದರು. ಅಲ್ಲಿ ಗಾಳಿ ಕೆಟ್ಟದ್ದೆಂದು ಆ ಸೀಮೆಯ ದನಗಾಹಿಗಳು ಮೊದಲೇ ಎಚ್ಚರಿಸಿದ್ದರು. ಟ್ರಕ್ ಡ್ರೈವರುಗಳು ಅದಕ್ಕೆ, ವಿಯೆಟ್ನಾಂ ಯುದ್ಧದ ‘ಹೋ ಚಿ ಮಿನ್ ಟ್ರೇಲ್’ ದಾರಿಯ ಹೆಸರನ್ನು ತಿರುಚಿ, ‘ಸ್ನೋ ಚಿ ಮಿನ್ ಟ್ರೇಲ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಚಳಿಗಾಲದಲ್ಲಿ ರಸ್ತೆಗೆ ಅಡ್ಡಲಾಗಿ ಗೇಟು ಇಳಿಸುತ್ತಾರೆ. ಗೇಟು ಬಿದ್ದರೆ ಲಾರಮಿ, ರಾಲಿನ್ಸ್ ಊರುಗಳ ಟ್ರಕ್ ನಿಲ್ದಾಣಗಳು ತುಂಬಿ, ಸಾಲು ಬೀದಿಗೆ ಬರುತ್ತದೆ. ಅಂಗಡಿಯ ಕಪಾಟು ಖಾಲಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಪಂಜಾಬಿ ಡ್ರೈವರುಗಳಿಂದಾಗಿ ಈ ದೇಶದ ಹೆದ್ದಾರಿ ಬದಿಗಳಲ್ಲಿ ಈಗ ಢಾಬಾಗಳೂ ಇವೆ, ಬಿಸಿ ರೊಟ್ಟಿ ದಾಲ್ ಸಿಗುತ್ತದೆ. ಆದರೆ ಗೇಟಿನ ಆಚೆ ಸಿಕ್ಕಿಕೊಂಡವನಿಗೆ ಇದ್ಯಾವುದೂ ಇಲ್ಲ.

ಯಾವ ತಿನಿಸು ಅನ್ನುವ ಪ್ರಶ್ನೆಗೆ ಮನೆಯ ಅಡುಗೆಮನೆಯಲ್ಲಿ ನಿಂತು ಉತ್ತರ ಹುಡುಕಿದರೆ ತಪ್ಪುತ್ತೇವೆ. ಮೈನಸ್ 25 ಡಿಗ್ರಿಯಲ್ಲಿ ರಾತ್ರಿಯಿಡೀ ನಿಂತ ಪಿಕಪ್ಪಿನ ಒಳಗೂ ಹೆಚ್ಚುಕಡಿಮೆ ಅಷ್ಟೇ ಚಳಿ. ಅಲ್ಲಿ ನೀರಿನಂಶ ಇರುವುದೆಲ್ಲ ಕಲ್ಲು. ಬಾಳೆಹಣ್ಣು, ಕಿತ್ತಳೆ, ಚಿತ್ರಾನ್ನ, ಚಪಾತಿ ಯಾವುದನ್ನೂ ಕಚ್ಚಲಾಗದು. ಬ್ರೆಡ್ಡಿನಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ನೀರೇ. ಟಿನ್ ಡಬ್ಬಿಯ ಪದಾರ್ಥ ಹೆಪ್ಪುಗಟ್ಟಿ ಹಿಗ್ಗಿದರೆ ಹೊಲಿಗೆ ಬಿಡಬಹುದು. ಉಬ್ಬಿದ ಅಥವಾ ಹೊಲಿಗೆ ಬಿಟ್ಟ ಡಬ್ಬಿಯನ್ನು ಎಸೆಯುವುದೇ ಸರಿ. ಗಾಜಿನ ಬಾಟಲಿಯಂತೂ ಒಡೆಯುತ್ತದೆ. ನೀರಿನಂಶ ಕಡಿಮೆ, ಎಣ್ಣೆಯಂಶ ಹೆಚ್ಚು, ಬೇಯಿಸುವ ಕೆಲಸ ಇಲ್ಲ, ಕೈಗವಸು ಹಾಕಿಕೊಂಡೇ ಬಾಯಿಗೆ ಹಾಕಿಕೊಳ್ಳಬಹುದು, ಇಂಥದ್ದನ್ನು ಹುಡುಕಬೇಕು. ಒಂದು ಗ್ರಾಂ ಎಣ್ಣೆ, ತುಪ್ಪಕ್ಕೆ 9 ಕ್ಯಾಲೊರಿ, ಸಕ್ಕರೆ ಹಿಟ್ಟುಗಳಿಗೆ 4. ಸಕ್ಕರೆ ಬೇಗ ಉರಿಯುವ ಪುಳ್ಳೆ, ಎಣ್ಣೆಯಂಶ ನಿಧಾನಕ್ಕೆ ಉರಿಯುವ ಕೊರಡು. ಎರಡೂ ಬೇಕು.

ಈ ಲೆಕ್ಕ ಹಿಡಿದು ಅಂಗಡಿಯ ದುಬಾರಿ ಪೊಟ್ಟಣಗಳನ್ನು ನೋಡುತ್ತಾ ಹೋದಾಗ ನನಗೆ ನೆನಪಾದದ್ದು ಸಂಕ್ರಾಂತಿಯ ಎಳ್ಳುಬೆಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಎಣ್ಣೆಯಂಶ ಇದೆ, ಸಿಹಿ ಇದೆ, ನೀರಿನಂಶ ಇಲ್ಲವೇ ಇಲ್ಲ ಅನ್ನಬಹುದು. ನೂರು ಗ್ರಾಂ ಕೊಬ್ಬರಿಗೆ ಸುಮಾರು 660 ಕ್ಯಾಲೊರಿ, ಎಳ್ಳು ಮತ್ತು ಕಡಲೆಬೀಜಕ್ಕೆ 570ರ ಆಸುಪಾಸು, ಬೆಲ್ಲಕ್ಕೆ 380. ಸಮಪಾಲು ಬೆರೆಸಿದರೆ ಒಂದು ಕಿಲೋಗೆ ಸುಮಾರು 5000 ಕ್ಯಾಲೊರಿ. ಅಂದರೆ ಗಾಡಿಯಲ್ಲಿ ಸಿಕ್ಕಿಕೊಂಡ ಒಬ್ಬರಿಗೆ ಎರಡು ದಿನದ ಪೂರ್ತಿ ಊಟ, ಒಂದು ಸ್ಟೀಲ್ ಡಬ್ಬಿಯಲ್ಲಿ. ಇಲ್ಲಿಯ ಕಡುಚಳಿಯೂ ಜನವರಿ ಮಧ್ಯದಲ್ಲೇ. ಹಬ್ಬಕ್ಕೆ ಕೊಬ್ಬರಿ ಹೆಚ್ಚುವಾಗ ಗಾಡಿಗೂ ಒಂದು ಡಬ್ಬಿ ಹೆಚ್ಚಿಟ್ಟರೆ ಆಯಿತು.

ಬೆಲ್ಲವನ್ನು ಮಾತ್ರ ಸಣ್ಣಗೆ ಹೆಚ್ಚಿರಬೇಕು. ಚಿಕ್ಕಿ, ಅಂಟಿನುಂಡೆ, ಗೋಕಾಕ ಅಮೀನಗಡಗಳ ಕರದಂಟು ಇವೆಲ್ಲ ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತವೆ. ಬಾಯಲ್ಲಿ ಇಡಿಯಾಗಿ ಇಟ್ಟು ಚೀಪುವಷ್ಟು ಚಿಕ್ಕ ತುಂಡುಗಳಾಗಿ ಮನೆಯಲ್ಲೇ ಕತ್ತರಿಸಿಟ್ಟರೆ ಅವುಗಳಷ್ಟು ಒಳ್ಳೆಯ ಬುತ್ತಿ ಇಲ್ಲ. ಇಲ್ಲಿ ಸಿಗುವ ಓಟ್ಸ್ ಬಾರ್, ಚಾಕೊಲೇಟುಗಳ ಕತೆಯೂ ಇದೇ. ತಿನ್ನುವುದಕ್ಕೆ ಅರ್ಧ ಗಂಟೆ ಮೊದಲು ಜಾಕೆಟ್ಟಿನ ಒಳಜೇಬಿಗೆ ಸೇರಿಸಬೇಕು. ಖರ್ಜೂರ ಸಕ್ಕರೆಯಂಶದಿಂದಾಗಿ ಅಷ್ಟಾಗಿ ಕಲ್ಲಾಗುವುದಿಲ್ಲ. ಪುಡಿಯಾಗಿರುವುದು ಎಂಥ ಚಳಿಯಲ್ಲೂ ಪುಡಿಯಾಗಿಯೇ ಇರುತ್ತದೆ. ರಾಗಿ ಹುರಿಹಿಟ್ಟು ಈ ಕಾರಣಕ್ಕೆ ನನಗೆ ಬಹಳ ಪ್ರಿಯ. ಹುರಿದೇ ಬೀಸಿದ್ದರಿಂದ ಬೇಯಿಸಬೇಕಾಗಿಲ್ಲ, ಬೆಲ್ಲದ ಪುಡಿ ಬೆರೆಸಿಟ್ಟರೆ ಫ್ಲಾಸ್ಕಿನ ಬಿಸಿನೀರು ಎರಡು ಗುಟುಕು ಸಾಕು. ತೆಳು ಅವಲಕ್ಕಿಯೂ ಹಾಗೆಯೇ. ಉತ್ತರ ಕರ್ನಾಟಕದವರ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಚಳಿಗೂ ಬದಲಾಗುವುದಿಲ್ಲ, ಇರುವ ನೀರನ್ನೆಲ್ಲ ಮೊದಲೇ ಬಿಟ್ಟುಕೊಟ್ಟಿದೆ. ಜೊತೆಗೆ ಶೇಂಗಾ ಹಿಂಡಿ ಬೇಕೆನಿಸುತ್ತದೆ, ಸ್ವಲ್ಪವೇ ಇರಲಿ. ಉಪ್ಪು ಖಾರ ಜಾಸ್ತಿಯಾದಷ್ಟೂ ನೀರು ಕೇಳುತ್ತದೆ, ನೀರೇ ಇಲ್ಲಿ ಕಷ್ಟದ ವಸ್ತು. ಅದೇ ಕಾರಣಕ್ಕೆ ಚಕ್ಕುಲಿ, ಖಾರದ ಮಿಶ್ರಣ, ಒಣಮಾಂಸ ನನ್ನ ಡಬ್ಬಿಯಲ್ಲಿಲ್ಲ.

ಅಂಗಡಿಯಿಂದ ಕೊಳ್ಳುವುದಾದರೆ ಒಂದನ್ನು ಖಂಡಿತ ಹೇಳುತ್ತೇನೆ. ಜೀವರಕ್ಷಕ ದೋಣಿಗಳಲ್ಲಿಡಲು ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿದ ರೇಷನ್ ಬಾರುಗಳು. 2400 ಅಥವಾ 3600 ಕ್ಯಾಲೊರಿಯ ಇಟ್ಟಿಗೆಯಂಥ ಪೊಟ್ಟಣ, ಬಾಳಿಕೆ 5 ವರ್ಷ, ಮೈನಸ್ 30ರಿಂದ 65 ಡಿಗ್ರಿಯ ತನಕ ತಡೆದುಕೊಳ್ಳುತ್ತದೆ. ಬಾಯಾರಿಕೆ ಹೆಚ್ಚಿಸದಂತೆ ಮಾಡಿದ್ದು. ರುಚಿ ಸಪ್ಪೆ ಬಿಸ್ಕತ್ತಿನದು, ಹಾಗಾಗಿ ಯಾರೂ ಸುಮ್ಮಸುಮ್ಮನೆ ತಿಂದು ಖಾಲಿ ಮಾಡುವುದಿಲ್ಲ.

ಬೆಂಗಳೂರಿನ ಎಂಟಿಆರ್ ಪೊಟ್ಟಣಗಳ ಹಿಂದೆ ಮೈಸೂರಿನ ತಂತ್ರಜ್ಞಾನವಿದೆ. 1961ರಲ್ಲಿ ಅಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ ಸಿಯಾಚಿನ್‌ನಂಥ ಎತ್ತರದಲ್ಲಿ ನಿಂತ ಸೈನಿಕರಿಗಾಗಿ ಕೆಡದ ಊಟಗಳನ್ನು ರೂಪಿಸಿತು. ಅದೇ ದಾರಿಯಲ್ಲಿ ಬಂದದ್ದು ಈ ‘ಬಿಸಿಮಾಡಿ ತಿನ್ನು’ ಪೊಟ್ಟಣಗಳು. ಇವುಗಳಲ್ಲಿ ನೀರಿನಂಶ ಇರುವುದರಿಂದ ಹೆಪ್ಪುಗಟ್ಟುತ್ತವೆ, ಆದರೆ ಮೆತ್ತನೆಯ ಹೊದಿಕೆ ಹಿಗ್ಗಿಗೆ ಜಾಗ ಕೊಡುತ್ತದೆ. ದೊಡ್ಡ ಟ್ರಕ್ಕಿನವರಿಗೆ ಇವು ಒಳ್ಳೆಯ ಆಯ್ಕೆ. ಅವರ ಬಳಿ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಊಟದ ಡಬ್ಬಿ ಒಲೆ ಇರುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಬಿಸಿಬೇಳೆಬಾತ್ ಹೊಗೆಯಾಡುತ್ತದೆ. ಮಲಗುವ ಹಾಸಿಗೆ, ಹೀಟರ್ ಇರುವ ಕ್ಯಾಬಿನ್ನು ಒಂದು ಪುಟ್ಟ ಮನೆ. ಪಿಕಪ್ಪಿನವರಿಗೆ ಆ ಅನುಕೂಲ ಇಲ್ಲ. ಅಮೆರಿಕದ ಸೈನ್ಯದ ಎಂಆರ್‌ಇ ಅನ್ನುವ ಸಿದ್ಧ ಊಟದ ಪೊಟ್ಟಣದೊಳಗೆ ನೀರು ಹಾಕಿದರೆ ತಾನೇ ಕಾಯುವ ಚೀಲ ಇರುತ್ತದೆ. ಮೆಗ್ನೀಸಿಯಂ ನೀರಿನ ಜೊತೆ ಸೇರಿ ಕಾವು ಕೊಡುತ್ತದೆ, ಜೊತೆಗೆ ಹೈಡ್ರೋಜನ್ ಅನಿಲವೂ ಬರುತ್ತದೆ. ಕಿಟಕಿ ಸ್ವಲ್ಪ ಇಳಿಸದೆ ಅದನ್ನು ಬಳಸಬಾರದು, ಹತ್ತಿರ ಬೆಂಕಿ ಇರಬಾರದು.

ಒಲೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಮ್ಮ ದೇಶದ ಲಾರಿಗಳಲ್ಲಿ ಸೀಟಿನ ಹಿಂದೆ ಒಲೆ, ಹಿಟ್ಟು, ಈರುಳ್ಳಿ, ಆಲೂಗಡ್ಡೆ ಇದ್ದೇ ಇರುತ್ತವೆ. ಜಮ್ಮು ಶ್ರೀನಗರ ಹೆದ್ದಾರಿ ಹಿಮಕ್ಕೋ ಭೂಕುಸಿತಕ್ಕೋ ಮುಚ್ಚಿದಾಗ ರಾಂಬನ್, ಬನಿಹಾಲ್ ಕಡೆ ದಿನಗಟ್ಟಲೆ ನಿಲ್ಲುವ ಲಾರಿಗಳ ಚಕ್ರದ ಮರೆಯಲ್ಲಿ ಅಡುಗೆ ನಡೆಯುತ್ತದೆ. ಆ ಸ್ವಾವಲಂಬನೆ ನನಗೆ ಮೆಚ್ಚುಗೆ. ಆದರೆ ಹಿಮಗಾಳಿಯಲ್ಲಿ ಹೊರಗೆ ಒಲೆ ಹಚ್ಚಲಾಗದು, ಕಿಟಕಿ ಮುಚ್ಚಿದ ಕ್ಯಾಬಿನ್ನಿನೊಳಗೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಅದಕ್ಕೆ ವಾಸನೆಯಿಲ್ಲ, ಮೊದಲು ತಲೆನೋವು, ಆಮೇಲೆ ನಿದ್ದೆ. ಅಲ್ಲದೆ ಬ್ಯುಟೇನ್ ತುಂಬಿದ ಪುಟ್ಟ ಸಿಲಿಂಡರು ಸೊನ್ನೆ ಡಿಗ್ರಿಯ ಕೆಳಗೆ ಅನಿಲವಾಗುವುದೇ ಇಲ್ಲ. ಹಚ್ಚಲು ಹೋದರೆ ಹತ್ತದು.

ನೀರಿಗೆ ಬರುತ್ತೇನೆ. ನನ್ನ ಮೊದಲ ಚಳಿಗಾಲದಲ್ಲಿ ನಾಲ್ಕು ಲೀಟರಿನ ಕ್ಯಾನೊಂದನ್ನು ಬಾಯ್ತುಂಬ ತುಂಬಿ ಸೀಟಿನ ಹಿಂದೆ ಇಟ್ಟಿದ್ದೆ. ವಾರದೊಳಗೆ ಅದು ಹೆಪ್ಪುಗಟ್ಟಿ ಸೀಳಿತು, ಬಿಸಿಲೇರಿದ ದಿನ ಕರಗಿ ಸೀಟಿನ ಬುಡವೆಲ್ಲ ಒದ್ದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಈಗ ನಾನು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಮುಕ್ಕಾಲು ಮಾತ್ರ ತುಂಬುತ್ತೇನೆ. ಅವನ್ನು ತಲೆಕೆಳಗಾಗಿ, ಬೇಸಿಗೆಯಲ್ಲಿ ತಂಪು ಪಾನೀಯಕ್ಕೆ ಬಳಸುವ ಐಸ್ ಬಾಕ್ಸಿನಲ್ಲೇ ಜೋಡಿಸುತ್ತೇನೆ. ಒಳಗಿನ ತಂಪು ಹೊರಹೋಗದಂತೆ ತಡೆಯುವ ಗೋಡೆ ಹೊರಗಿನ ಚಳಿಯನ್ನೂ ಹಾಗೆಯೇ ತಡೆಯುತ್ತದೆ. ತಲೆಕೆಳಗೆ ಯಾಕೆಂದರೆ ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಮುಚ್ಚಳದ ಬಳಿಯ ನೀರು ಕೊನೆಗೆ ಗಟ್ಟಿಯಾಗುತ್ತದೆ. ಇದಲ್ಲದೆ ಹೊರಡುವಾಗ ಮನೆಯಿಂದ ಎರಡು ದೊಡ್ಡ ಸ್ಟೀಲ್ ಫ್ಲಾಸ್ಕುಗಳಲ್ಲಿ ಕುದಿನೀರು. ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ಇಡಬೇಕೆನ್ನುವುದು ಸಾಮಾನ್ಯ ಸಲಹೆ. ಅಷ್ಟನ್ನು ಹೊರುವುದು ಕಷ್ಟ, ಸುತ್ತ ಹಿಮ ಇದ್ದೇ ಇದೆಯಲ್ಲ ಅನಿಸಬಹುದು.

ಹಿಮವನ್ನು ಹಾಗೇ ತಿನ್ನಬಾರದು. ಒಂದು ಲೀಟರ್ ನೀರಾಗುವಷ್ಟು ಹಿಮವನ್ನು ಕರಗಿಸಿ ಮೈ ಬಿಸಿಗೆ ತರಲು ದೇಹ ಸುಮಾರು 117 ಕ್ಯಾಲೊರಿ ಶಾಖ ಕೊಡಬೇಕು, ಸುಮ್ಮನೆ ಕೂತ ದೇಹ ಒಂದೂವರೆ ಗಂಟೆಯಲ್ಲಿ ಹುಟ್ಟಿಸುವಷ್ಟು. ನಡುಗುತ್ತಿರುವವರಿಂದ ಅದನ್ನು ಕಸಿಯುವುದು ಒಲೆಯ ಮೇಲೆ ನೀರು ಸುರಿದ ಹಾಗೆ. ಕರಗಿಸುವ ಕೆಲಸ ಎಂಜಿನ್ನಿಗೆ ಬಿಡಿ. ಒಂದು ಸ್ಟೀಲ್ ಲೋಟಕ್ಕೆ ತಳದಲ್ಲಿ ಸ್ವಲ್ಪ ನೀರು ಹಾಕಿ, ಮೇಲೆ ಶುಭ್ರ ಹಿಮ ಒತ್ತಿ, ಗಾಡಿಯ ಮುಂದಿನ ಗಾಜಿನ ಬುಡದಲ್ಲಿ ಬಿಸಿಗಾಳಿ ಬರುವ ಕಡೆ ಇಟ್ಟರೆ ಕರಗುತ್ತದೆ. ಹತ್ತು ಪಾಲು ಹಗುರ ಹಿಮಕ್ಕೆ ಒಂದು ಪಾಲು ನೀರು, ಹಾಗಾಗಿ ಮತ್ತೆ ಮತ್ತೆ ತುಂಬಬೇಕು. ಮೂತ್ರಕ್ಕೆ ಹೊರಗೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಕೂರುವವರಿದ್ದಾರೆ, ಹೆಂಗಸರು ಹೆಚ್ಚು. ನೀರು ಕಡಿಮೆಯಾದ ದೇಹ ಬೇಗ ತಣ್ಣಗಾಗುತ್ತದೆ. ಅಗಲ ಬಾಯಿಯ, ಬಿಗಿ ಮುಚ್ಚಳದ ಒಂದು ಡಬ್ಬಿ ಇಟ್ಟುಕೊಳ್ಳಿ, ಸಂಕೋಚ ಬೇಡ. ಮದ್ಯ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಚ್ಚಗಾದಂತೆ ಅನಿಸಿ ಒಳಗಿನ ಶಾಖ ಹೊರಹೋಗುತ್ತದೆ.

ಸಿಕ್ಕಿಕೊಂಡ ಮೇಲೆ ಊಟವನ್ನು ಎಂಜಿನ್ನಿನ ಜೊತೆಗೆ ಜೋಡಿಸುವುದು ನನಗೆ ಸರಿಕಂಡ ಕ್ರಮ. ಗಂಟೆಗೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಓಡಿಸುವ ಮೊದಲು ಪ್ರತಿ ಸಲವೂ ಇಳಿದು ಸೈಲೆನ್ಸರ್ ಬಾಯಿಗೆ ಕಟ್ಟಿದ ಹಿಮ ತೆಗೆಯಬೇಕು, ಗಾಳಿ ಬೀಸದ ಕಡೆಯ ಕಿಟಕಿಯನ್ನು ಬೆರಳಗಲ ಇಳಿಸಬೇಕು. ಇಳಿಯಲಾಗದಷ್ಟು ಗಾಳಿಯಿದ್ದರೆ ಎಂಜಿನ್ ಓಡಿಸದೆ ಕಂಬಳಿ ಸುತ್ತಿಕೊಂಡು ಕೂರುವುದೇ ಕ್ಷೇಮ. ಆ ಹತ್ತು ನಿಮಿಷದಲ್ಲಿ ಹಿಮ ಕರಗಿಸುವುದು, ಒಂದು ಹಿಡಿ ಎಳ್ಳುಬೆಲ್ಲ, ನಾಲ್ಕು ಗುಟುಕು ನೀರು. ಹೀಗೆ ಮಾಡಿದರೆ ಹೊತ್ತಿಗೊಂದು ಲೆಕ್ಕ ಬರುತ್ತದೆ, ಮೊದಲ ರಾತ್ರಿಯ ಗಾಬರಿಯಲ್ಲಿ ಡಬ್ಬಿ ಖಾಲಿಯಾಗುವುದಿಲ್ಲ. ಮಲಗುವ ಮುಂಚೆ ಮಾತ್ರ ತುಪ್ಪವೋ ಕೊಬ್ಬರಿಯೋ ಇರುವ ಉಂಡೆ ತಿನ್ನಿ, ಬೆಳಗಿನ ಜಾವದ ಚಳಿಗೆ ಅದು ಒದಗುತ್ತದೆ.

ಡಬ್ಬಿ ಎಲ್ಲಿರಬೇಕು ಅನ್ನುವುದನ್ನು ಬಹಳ ಮಂದಿ ಯೋಚಿಸುವುದಿಲ್ಲ. ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿಟ್ಟ ಬುತ್ತಿ ಮೂರಡಿ ಹಿಮದ ಕೆಳಗೆ ಹೂತುಹೋಗುತ್ತದೆ. ದೊಡ್ಡ ಟ್ರಕ್ಕಿನ ಹೊರಬದಿಯ ಪೆಟ್ಟಿಗೆಯ ಬಾಗಿಲು ಹೆಪ್ಪುಗಟ್ಟಿ ತೆರೆಯುವುದೇ ಇಲ್ಲ. ಕೂತಲ್ಲಿಂದ ಕೈಗೆಟುಕುವ ಹಾಗೆ, ಸೀಟಿನ ಹಿಂದೆ ಅಥವಾ ಹಾಸಿಗೆಯ ಕೆಳಗೆ ಇರಲಿ. ಪ್ಲಾಸ್ಟಿಕ್ ಚೀಲಕ್ಕಿಂತ ಸ್ಟೀಲ್ ಡಬ್ಬಿ ಮೇಲು, ಚಳಿಗೆ ಗಾಡಿ ಸೇರುವ ಇಲಿಗಳು ಕಡಲೆಬೀಜದ ವಾಸನೆ ಹಿಡಿಯುತ್ತವೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಮಾತ್ರ ಯಾವತ್ತೂ ಈ ಡಬ್ಬಿಯಲ್ಲಿರಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಅದು ಮೈಮೇಲಿನ ಒಳಜೇಬಿನಲ್ಲೇ ಪಯಣಿಸಬೇಕು. ಎಳೆಗೂಸು ಇದ್ದರೆ ಹಾಲಿನ ಪುಡಿ, ಅದಕ್ಕೆಂದೇ ಒಂದು ಫ್ಲಾಸ್ಕ್.

ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನನ್ನ ಡಬ್ಬಿ ಗಾಡಿ ಹತ್ತುವುದು ಅವತ್ತೇ. ಏಪ್ರಿಲ್ ಕೊನೆಗೆ ಅದು ಮನೆಯೊಳಗೆ ಬರುತ್ತದೆ, ಯಾಕೆಂದರೆ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯ ಕಾವಿಗೆ ಕೊಬ್ಬರಿ, ಕಡಲೆಬೀಜ ಕಮಟು ಹಿಡಿಯುತ್ತವೆ. ಆ ದಿನ ಉಳಿದ ಅವಲಕ್ಕಿಗೆ ಒಗ್ಗರಣೆ ಬೀಳುತ್ತದೆ, ಹುರಿಹಿಟ್ಟು ಮಕ್ಕಳ ಪಾಲಾಗುತ್ತದೆ, ಬಾಟಲಿಗಳ ನೀರು ಗಿಡಗಳಿಗೆ. ರೇಷನ್ ಬಾರಿನ ಇಟ್ಟಿಗೆ ಮಾತ್ರ ಸೀಟಿನ ಹಿಂದೆಯೇ ಉಳಿಯುತ್ತದೆ.